ಕಬ್ಬಿಣದ ಮಾತ್ರೆಗೆ ಕಟಿಂಗ್ ಚಹಾ

ಮುಂಬಯಿಯ ಧಾರಾವಿ ಹತ್ತಿರ ನಡೆದ ಸಾಮೂಹಿಕ ಸೀಮಂತದ ಫೋಟೋ ನಿಮ್ಮ ಮೊಬೈಲಿಗೂ ಬಂದಿರಲೇಬೇಕು. ಹಸಿರು ಬಳೆ, ಉಡಿ ತುಂಬ ತೆಂಗಿನಕಾಯಿ, ಹಿಂದೆ 'ರಕ್ತಹೀನತೆ ಓಡಿಸೋಣ' ಅಂತ ಬ್ಯಾನರ್. ಬ್ಯಾನರಿನಲ್ಲಿ ಮುಖಂಡರ ಮುಖ ಏಳು, ಬಸುರಿಯ ಮುಖ ಒಂದೂ ಇಲ್ಲ. ಏಳೂ ಮುಖಗಳಲ್ಲಿ ರಕ್ತ ತುಂಬಿ ತುಳುಕುತ್ತಿತ್ತು, ಅದೊಂದು ಸಮಾಧಾನ.

ನಮ್ಮ ಚಾಳಿನ ಕಲಬುರಗಿ ಹುಡುಗಿಯೂ ಹೋಗಿದ್ದಳು. ಏಳು ತಿಂಗಳು. ಹಿಮೋಗ್ಲೋಬಿನ್ 8, ಕಡಿಮೆಯೆಂದರೂ 11 ಇರಬೇಕು. ಹತ್ತಕ್ಕೆ ಕರೆದು ಕೂರಿಸಿದರು, ಅತಿಥಿಗಳು ಬಂದದ್ದು ಒಂದೂವರೆಗೆ. ಭಾಷಣ ಮುಗಿದ ಮೇಲೆ ಎಲ್ಲರ ಕೈಗೂ ಕಬ್ಬಿಣದ ಮಾತ್ರೆ. ನುಂಗೋಕೆ ಏನು ಕೊಟ್ಟರು ಹೇಳಿ? ಕಟಿಂಗ್, ಅಂದರೆ ಅರ್ಧ ಗ್ಲಾಸು ಚಹಾ!

ಚಹಾದ ಮೇಲೆ ನನಗೆ ಸಿಟ್ಟಿಲ್ಲ. ಈ ಮುಂಬಯಿ ನಿಂತಿರೋದೇ ಅದರ ಮೇಲೆ. ಮನೆ ಬಾಡಿಗೆಗೆ ಹಿಡಿಯಬೇಕಾದರೂ ಕಟಿಂಗ್, ಬಿಡಬೇಕಾದರೂ ಕಟಿಂಗ್, ಹೆಣ ಹೊರಟ ಮೇಲೆ ಮೂಲೆ ಅಂಗಡಿಯಲ್ಲಿ ನಿಂತು ಸತ್ತವನ ಗುಣಗಾನ ಮಾಡೋಕೂ ಕಟಿಂಗೇ. ಆದರೆ ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡಲ್ಲ. ನಿಂಬೆಹಣ್ಣಿನ ಪಾನಕ ಕೊಟ್ಟಿದ್ದರೆ ಚೆನ್ನಾಗಿ ಹತ್ತುತ್ತಿತ್ತು. ನಿಂಬೆ ಇರಲಿಲ್ವಾ? ಇತ್ತಲ್ಲ, ಅತಿಥಿಗಳ ಕಾರಿಗೆ ಮೆಣಸಿನಕಾಯಿ ಜೊತೆ ಕಟ್ಟಿತ್ತು.

"ಮಾತ್ರಿ ತಗೊಂಡ್ರ ಸಂಡಾಸ ಕರ್ರಗ ಆಗ್ತದ್ರಿ ಅಕ್ಕಾ, ಹೆದರಿ ಒಗದೀನಿ" ಅಂದಳಂತೆ ನನ್ನ ಹೆಂಡತಿಗೆ. ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಮಾತ್ರೆ. ಕಪ್ಪಾಗೋದು ಮಾಮೂಲಿ ತಾಯಿ, ಹೆದರಬೇಡ ಅನ್ನೋಕೆ ಅರ್ಧ ನಿಮಿಷ ಸಾಕು. ಒಂದು ಗಂಟೆ ಮೈಕ್ ಹಿಡಿದವರಿಗೆ ಆ ಅರ್ಧ ನಿಮಿಷ ಸಿಗಲಿಲ್ಲ.

ಹಾಗಂತ ಪ್ರಗತಿ ಇಲ್ಲ ಅನ್ನಬೇಡಿ. ಮಾತ್ರೆ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. 2015-16ರ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ. 50.4 ಮಂದಿಗೆ ರಕ್ತಹೀನತೆ. 2018ರಲ್ಲಿ ರಕ್ತಹೀನತೆ ಓಡಿಸೋಕೆ 'ಅನೀಮಿಯಾ ಮುಕ್ತ ಭಾರತ' ಅನ್ನೋ ಸರ್ಕಾರಿ ಯೋಜನೆ ಬಂತು. 2019-21ರ ಸಮೀಕ್ಷೆಯಲ್ಲಿ ಶೇ. 52.2. ಏರಿದೆ ತಾನೇ?

ನಗು ಬರ್ತಿಲ್ಲ, ಬಿಡಿ. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ಹೋದರೂ ಜೀವಕ್ಕೇ ಕುತ್ತು. ಇದು ಹೊಸ ಸಂಶೋಧನೆಯಲ್ಲ, ಸೂಲಗಿತ್ತಿಯರಿಗೂ ಗೊತ್ತಿತ್ತು. ಆ ಹುಡುಗಿಯನ್ನು ಮೂರೂವರೆ ಗಂಟೆ ಹಸಿದ ಹೊಟ್ಟೆಯಲ್ಲಿ ಕೂರಿಸಿದಿರಲ್ರೀ!

ಮುಂದಿನ ವಾರ ಅವಳು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ತವರಿಗೆ ಹೊರಡ್ತಾಳೆ. ಹೆಂಡತಿ ಬೈದು ಬುದ್ಧಿ ಹೇಳಿದ ಮೇಲೆ ಮತ್ತೆ ಮಾತ್ರೆ ಕೇಳೋಕೆ ಹೋಗಿದ್ದಳು. ಸ್ಟಾಕ್ ಇಲ್ಲವಂತೆ. ಸೀಮಂತದ ಫೋಟೋಗೆ ಮಾತ್ರ ಫ್ರೇಮ್ ಹಾಕಿಸಿ ಕೊಟ್ಟಿದ್ದಾರೆ.