ಪೋವಿಸ್ ಕೋಟೆ ಯಾಕೆ ಬಿಟ್ರಿ?

ಬ್ರಿಟನ್ನಿನ ವೇಲ್ಸ್‌ನ ಕೋಟೆಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಕಾನ್ವಿ, ಕಾರ್ನಾರ್ವನ್, ಹಾರ್ಲೆಕ್ ಎಲ್ಲಾ ಬಂದಿವೆ, ಆದ್ರೆ ಪೋವಿಸ್ ಇಲ್ಲ. ಕನ್ನಡದವರು ಅಲ್ಲಿಗೆ ಹೋದ್ರೆ ಮೊದಲು ನೋಡಬೇಕಾದ್ದು ಅದೇ ಅಲ್ವಾ? ವೆಲ್ಷ್‌ಪೂಲ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಗುಡ್ಡದ ಮೇಲೆ ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ತೋಟ.

ಒಳಗೆ ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಕ್ಲೈವ್ ಮನೆತನದವರು ಭಾರತದಿಂದ ತಂದ ವಸ್ತುಗಳಿವೆ, ಅದರಲ್ಲಿ ನಮ್ಮ ಟಿಪ್ಪುವಿನ ಡೇರೆಯೂ ಇದೆ. ಬಿಳಿ ಹತ್ತಿ ಬಟ್ಟೆ, ಅದರ ತುಂಬಾ ಹೂದಾನಿಗಳ ಚಿತ್ತಾರ. ಪಕ್ಕದಲ್ಲೇ ಅವನ ಸಿಂಹಾಸನದ ಒಂದು ಹುಲಿ ತಲೆ. ಪುಟ್ಟದು, ಆದ್ರೆ ಚಿನ್ನದ ತಗಡಿನ ಮೇಲೆ ಕೆಂಪು, ಹಸಿರು ಹರಳು ಕೂರಿಸಿ, ಬಾಯಿ ತೆರೆದು ಹಲ್ಲು ಕಾಣೋ ಹಾಗೆ ಮಾಡಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸಿಂಹಾಸನವನ್ನು ಒಡೆದು ಹಂಚಿಕೊಂಡರಲ್ಲ, ಅದರ ತುಂಡು ಇದು. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಹೊಟ್ಟೆಯಲ್ಲಿ ಸಂಕಟ ಆಯ್ತು, ಇಷ್ಟು ಚೆನ್ನಾಗಿ ಕಾಪಾಡಿದ್ದಾರಲ್ಲ ಅಂತ ಸಮಾಧಾನವೂ ಆಯ್ತು.

ಸುಮ್ನೆ ಫೋಟೋ ತೆಗೆದು ಬರಬೇಡಿ. ಡೇರೆಯ ಬಟ್ಟೆಯನ್ನು ಹತ್ತಿರದಿಂದ ನೋಡಿ. ಮುಂದಿನ ಬರಹದಲ್ಲಿ ದಯವಿಟ್ಟು ಇದನ್ನೂ ಸೇರಿಸಿ.