ಒಂದು ಕೈಗೆ ಮಾತ್ರ ಉಗುರು

ಕ್ಲಾಸಿಕಲ್ ಗಿಟಾರ್ ಫೆಸ್ಟಿವಲ್‌ಗೆ ಬಂದೋರು ಹೊಸಬರ ಪರಿಚಯ ಆದಾಗ ಮುಖ ನೋಡಲ್ಲ, ಕೈ ನೋಡ್ತಾರೆ. ಅದೂ ಬಲಗೈ. ಕೈ ಕುಲುಕೋ ನೆಪದಲ್ಲೇ ಅಳತೆ ತಗೊಂಡು ಮುಗ್ಸಿರ್ತಾರೆ, ಉಗುರು ಎಷ್ಟು ಉದ್ದ ಬಿಟ್ಟಿದಾರೆ, ದುಂಡಗೆ ಉಜ್ಜಿದಾರಾ ಇಲ್ಲಾ ಒಂದು ಕಡೆಗೆ ಇಳಿಜಾರಾಗಿ ಉಜ್ಜಿದಾರಾ, ಉಂಗುರದ ಬೆರಳಿಂದು ಸ್ವಂತದ್ದಾ ಅಂಟ್ಸಿದ್ದಾ ಅಂತ. ಎಡಗೈದು ಮಾಂಸದ ಮಟ್ಟಕ್ಕೆ ಕತ್ತರಿಸಿರ್ಬೇಕು, ಇಲ್ದಿದ್ರೆ ತಂತಿ ಒತ್ತೋಕಾಗಲ್ಲ. ತಂತಿ ಮೀಟೋ ಬಲಗೈದು ಬೆಳೆದಿರ್ಬೇಕು, ಕಿರುಬೆರಳು ಒಂದು ಬಿಟ್ಟು, ಪಾಪ ಅದಕ್ಕೆ ಈ ವಾದ್ಯದಲ್ಲಿ ಹೆಚ್ಚುಕಮ್ಮಿ ಕೆಲಸಾನೇ ಇಲ್ಲ.

ನನ್ನಂಥ ಹವ್ಯಾಸಿಗಳಿಗೆ ಈ ಒಂದು ಕೈ ಉಗುರು ಅನ್ನೋದು ದೊಡ್ಡ ರಗಳೆ. ಆಫೀಸಲ್ಲಿ ಕೇಳ್ತಾರೆ, ನೆಂಟರು ಕೇಳ್ತಾರೆ, ಕೇಳದೇ ಇರೋರು ಕಣ್ಣಲ್ಲೇ ಕೇಳ್ತಾರೆ. ಪಾತ್ರೆ ತೊಳೆಯುವಾಗ, ಡಬ್ಬಿ ಮುಚ್ಚಳ ತೆಗೆಯುವಾಗ, ಶೂ ಲೇಸ್ ಬಿಚ್ಚುವಾಗ ಜೀವ ಎಲ್ಲಾ ಬೆರಳ ತುದೀಲೇ ಇರುತ್ತೆ. ಒಂದು ಮುರೀತು ಅಂದ್ರೆ ವಾರಗಟ್ಟಲೆ ಆ ಬೆರಳಿನ ದನಿಯೇ ಬೇರೆ, ಉಳಿದ ಬೆರಳುಗಳ ಜೊತೆ ಅದು ಸೇರೋದೇ ಇಲ್ಲ. ಮನೇಲಿ ಹೇಳ್ಕೊಂಡ್ರೆ "ಮತ್ತೆ ಬೆಳೆಯುತ್ತೆ ಬಿಡು" ಅಂತಾರೆ. ನಿಜಾನೇ, ಆದ್ರೆ ಸಮಾಧಾನ ಆಗಲ್ಲ. ಫೆಸ್ಟಿವಲ್‌ನಲ್ಲಿ ಹಾಗಲ್ಲ, "ಅಯ್ಯೋ ನಡುಬೆರಳಿಂದು ಹೋಯ್ತು" ಅಂದ್ರೆ ಸಾಕು ಅಕ್ಕಪಕ್ಕದೋರೆಲ್ಲ ತಮ್ಮ ಮನೇಲೇ ಏನೋ ಆಯ್ತು ಅನ್ನೋ ಥರ ಎದ್ದು ಬರ್ತಾರೆ, ಒಬ್ರ ಜೇಬಿಂದ ಸೂಪರ್‌ಗ್ಲೂ, ಇನ್ನೊಬ್ರ ಗಿಟಾರ್ ಕೇಸಿಂದ ನುಣುಪಾದ ಸ್ಯಾಂಡ್‌ಪೇಪರ್, ಮತ್ತೊಬ್ರ ಹತ್ರ ಟೇಬಲ್ ಟೆನಿಸ್ ಚೆಂಡಿನ ತುಂಡು. ಚೆಂಡು ಯಾಕೆ ಅಂದ್ರೆ, ಅದರ ಬಾಗು ಉಗುರಿನ ಬಾಗಿಗೆ ಹತ್ತಿರ ಇರುತ್ತೆ. ಸಣ್ಣ ಚೂರು ಕತ್ತರಿಸಿ, ಉಗುರಿನ ಅಡಿಗೆ ಅಂಟ್ಸಿ, ಒಣಗಿದ ಮೇಲೆ ಉಜ್ಜಿ ಉಜ್ಜಿ ಆಕಾರಕ್ಕೆ ತಂದ್ರೆ ಆಯ್ತು, ಸಂಜೆ ಹೊತ್ತಿಗೆ ನುಡಿಸ್ಬಹುದು. ನಾನು ಅಲ್ಲಿಗೆ ಹೋಗೋದು ಸಂಗೀತ ಕೇಳೋಕೆ ಅಂತ ಎಲ್ರಿಗೂ ಹೇಳ್ತೀನಿ, ಆದ್ರೆ ಉಗುರು ಮುರಿದಿದ್ದನ್ನ ಸುದ್ದಿ ಅಂತ ಒಪ್ಕೊಳ್ಳೋ ಜನ ಒಂದೇ ಕಡೆ ಸಿಗ್ತಾರಲ್ಲ, ಅದಕ್ಕೂ ಹೋಗ್ತೀನಿ.

ಈ ಉಗುರಿನ ಜಗಳ ಹಳೇದು. ಸ್ಪೇನಿನ ಇಬ್ರು ಗಿಟಾರ್ ವಾದಕರಲ್ಲಿ ಫೆರ್ನಾಂಡೋ ಸೋರ್ (1778-1839) ಉಗುರಿಲ್ಲದೆ ಬರೀ ಬೆರಳ ತುದಿಯಿಂದ ನುಡಿಸ್ತಿದ್ದ, ದಿಯೋನಿಸಿಯೋ ಅಗ್ವಾದೋ (1784-1849) ಉಗುರಲ್ಲಿ. ಸೋರ್‌ಗೆ ಉಗುರಿನ ದನಿ ಅಂದ್ರೆ ಆಗ್ತಿರ್ಲಿಲ್ಲ, 1830ರ ತನ್ನ ಪಾಠದ ಪುಸ್ತಕದಲ್ಲೇ ಅದನ್ನ ಬರೆದು, ಅಗ್ವಾದೋಗೆ ಮಾತ್ರ ರಿಯಾಯಿತಿ ಕೊಟ್ಟ. ಸ್ನೇಹಿತ ನೋಡಿ! ಇಬ್ರೂ ಜೊತೇಲಿ ನುಡಿಸೋಕೆ ಅಂತ ಎರಡು ಗಿಟಾರಿಗೆ ಒಂದು ಕೃತಿಯನ್ನೂ ಬರೆದ, ಹೆಸರೇ 'ಇಬ್ಬರು ಗೆಳೆಯರು'. ಆಗೆಲ್ಲ ಕರುಳಿನ ತಂತಿ. ನೈಲಾನ್ ಬಂದಿದ್ದು 1940ರ ದಶಕದಲ್ಲಿ, ಉಗುರಲ್ಲಿ ನುಡಿಸ್ತಿದ್ದ ಸ್ಪೇನಿನ ದೊಡ್ಡ ಗಿಟಾರ್ ವಾದಕ ಸೆಗೋವಿಯಾ ಅದನ್ನ ಹಿಡ್ಕೊಂಡ, ಉಗುರೂ ಗೆಲ್ತು.

ಮಾಸ್ಟರ್‌ಕ್ಲಾಸ್ ಅಂತೂ ಪೂರ್ತಿ ಇದೇ. ಒಬ್ಳು ಹುಡುಗಿ ಸ್ಟೇಜ್ ಮೇಲೆ ಸ್ಪೇನಿನ ಗಿಟಾರ್ ವಾದಕ ತಾರೆಗಾನ ಅಲ್ಹಾಂಬ್ರಾ ಕೃತಿ ಶುರು ಮಾಡಿದ್ಲು, ಅದೇ ಟ್ರೆಮೊಲೋದು, ಹೆಬ್ಬೆರಳು ಕೆಳಗಿನ ಸ್ವರ ಮೀಟಿದ ಮೇಲೆ ಉಂಗುರದ್ದು, ನಡುವಿಂದು, ತೋರುಬೆರಳು ಮೂರೂ ಒಂದಾದ ಮೇಲೊಂದು ಬೇರೆ ಒಂದೇ ತಂತಿ ಮೇಲೆ ಬರ್ಬೇಕು. ಒಂದೇ ಸಾಲು ಆಗಿತ್ತು, ಮೇಷ್ಟ್ರು ನಿಲ್ಸಿ ಅವಳ ಕೈ ಲೈಟಿಗೆ ಹಿಡಿದು ನೋಡಿದ್ರು. ನಡುಬೆರಳಿನ ಉಗುರು ಕೂದಲೆಳೆಯಷ್ಟು ಉದ್ದ, ಅದಕ್ಕೇ ಅದು ತಂತಿಗೆ ಸಿಕ್ಕಿ ಬಿಡಿಸ್ಕೊಳ್ಳೋದು ತಡ, ಟ್ರೆಮೊಲೋ ಕುಂಟ್ತಿದೆ ಅಂದ್ರು. ಅಲ್ಲೇ ಉಜ್ಜಿಸಿದ್ರು, ಸಭೆಯೆಲ್ಲ ಸುಮ್ನೆ ಕೂತು ಒಂದು ಉಗುರು ಉಜ್ಜೋ ಸದ್ದು ಕೇಳ್ತು! ಆಮೇಲೆ ನುಡಿಸಿದ್ಲು, ಕುಂಟು ಹೋಗಿತ್ತು. ಇದರಲ್ಲಿ ತಮಾಷೆ ಏನಂದ್ರೆ ತಾರೆಗಾ ತಾನೇ ಕೊನೆಗಾಲದಲ್ಲಿ ಉಗುರು ಬಿಟ್ಟು ಬರೀ ಬೆರಳಲ್ಲಿ ನುಡಿಸೋಕೆ ಶುರು ಮಾಡಿದ್ದ. ಅಲ್ಲಿ ಯಾರೂ ಆ ಮಾತು ಎತ್ಲಿಲ್ಲ, ಎತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಯಾರೂ ಹೋಗ್ತಿರ್ಲಿಲ್ಲ.

ಗಿಟಾರ್ ಮಾಡೋರು ಟೇಬಲ್ ಹಾಕ್ಕೊಂಡಿರೋ ಹಾಲ್ ಇರುತ್ತಲ್ಲ, ಅಲ್ಲಿ ಎಲ್ರೂ ಒಟ್ಟಿಗೇ ನುಡಿಸ್ತಿರ್ತಾರೆ, ಯಾವ ಗಿಟಾರ್ ಹೇಗಿದೆ ಅಂತ ದೇವರಾಣೆ ಗೊತ್ತಾಗಲ್ಲ. ಮುಕ್ಕಾಲು ಪಾಲು ಜನ ನುಡಿಸೋದು ಸ್ಪೇನಿನ ಸಂಗೀತಕಾರ ಅಲ್ಬೇನಿಸ್‌ನ ಅಸ್ತೂರಿಯಾಸ್ ಅನ್ನೋ ಕೃತಿ, ಅದು ಮೂಲತಃ ಪಿಯಾನೋಗೆ ಬರೆದಿದ್ದು, ಮತ್ತು ಎಲ್ರೂ ದೊಡ್ಡ ಕಾರ್ಡ್‌ಗಳು, ಅಂದ್ರೆ ಹಲವು ಸ್ವರ ಒಟ್ಟಿಗೇ ಮೀಟೋದು, ಬರೋ ಜಾಗದಲ್ಲಿ ಕರೆಕ್ಟಾಗಿ ನಿಲ್ಲಿಸಿ "ಚೆನ್ನಾಗಿದೆ" ಅಂತ ವಾಪಸ್ ಇಡ್ತಾರೆ. ನಾನೂ ಹಾಗೇ. ಮಾಡಿದೋರು ಮಾತ್ರ ನಮ್ಮ ಸಂಗೀತ ಕೇಳ್ತಿರಲ್ಲ, ಉಗುರನ್ನೇ ನೋಡ್ತಿರ್ತಾರೆ. ಸೀಡರ್ ಮರದ ಮೇಲ್ಮೈ ಮೆತ್ತಗಿರುತ್ತೆ, ಅದರ ಮೇಲೆ ತೆಳ್ಳಗೆ ಅರಗಿನ ಪಾಲಿಶ್, ಒಬ್ಬ ಹುಮ್ಮಸ್ಸಿನ ಗಿರಾಕಿ ಜೋರಾಗಿ ಮೀಟಿದ ಅಂದ್ರೆ ತಂತಿ ಕೆಳಗೆ ಗೀರು ಬಿದ್ದೇ ಬೀಳುತ್ತೆ. ತಿಂಗಳುಗಟ್ಟಲೆ ಕೂತು ಮಾಡಿದ್ದಲ್ವಾ. ನಗ್ತಾನೇ ಇರ್ತಾರೆ, ಆದ್ರೆ ಎರಡೂ ಕೈ ಮಾತ್ರ ಗಿಟಾರ್ ಹಿಡ್ಕೊಳ್ಳೋಕೆ ರೆಡಿ.

ಸಂಜೆ ಕಛೇರಿ, ಮೈಕ್ ಇಲ್ಲ. ಕೆಮ್ಮು ಬಂದೋರು ಮುಖ ಕೆಂಪು ಮಾಡ್ಕೊಂಡು ತಡೀತಾ ಕೂತಿರ್ತಾರೆ. ಆವತ್ತಿನ ಕಲಾವಿದ ಸೋರ್‌ನ ಕೃತಿಯನ್ನೇ ಮೊದಲು ತಗೊಂಡ, ಉಗುರಲ್ಲೇ ನುಡಿಸಿದ, ಅದ್ಭುತ ಅಂದ್ರೆ ಅದ್ಭುತ, ಒಂದೇ ಸಮ ದುಂಡಗಿನ ನಾದ. ಮುಗಿದ ಮೇಲೆ ಅವನ ಮುಂದೆ ಸಾಲು ನಿಂತಿತ್ತು, ಆಟೋಗ್ರಾಫ್‌ಗೆ ಅಂತ ಹೆಸರಿಗೆ, ಎಲ್ರೂ ಕೇಳ್ತಿದ್ದಿದ್ದು ಸ್ಯಾಂಡ್‌ಪೇಪರ್ ಎಷ್ಟು ಗ್ರಿಟ್‌ದು, ಅಂದ್ರೆ ಎಷ್ಟು ನುಣುಪಿಂದು ಅಂತ. ಅವನು ನಗ್ತಾ ಬಲಗೈ ತೋರ್ಸಿದ. ಉಂಗುರದ ಬೆರಳಿಂದು ಬೆಳಿಗ್ಗೆ ಸೂಟ್‌ಕೇಸ್ ಜಿಪ್‌ಗೆ ಸಿಕ್ಕಿ ಮುರಿದಿತ್ತಂತೆ, ಪೂರ್ತಿ ಕಛೇರಿ ನುಡಿಸಿದ್ದು ಚೆಂಡಿನ ತುಂಡಲ್ಲಿ. ಸಾಲಲ್ಲಿದ್ದೋರೆಲ್ಲ ಒಂದು ಕ್ಷಣ ಮುಖ ಮುಖ ನೋಡ್ಕೊಂಡ್ವಿ. ಆಮೇಲೆ ನನ್ನ ಹಿಂದಿದ್ದೋರು ಗಂಟಲು ಸರಿಮಾಡ್ಕೊಂಡು, "ನಂಗೆ ಎರಡನೇ ಪೀಸಲ್ಲೇ ಡೌಟ್ ಬಂದಿತ್ತು" ಅಂದ್ರು.