ಕೊಕ್ಕೆ ಕೀಳುವ ಕೈಪಿಡಿ

ಮೊನ್ನೆ ಒಂದು ಘನವಾದ ಡಾಕ್ಯುಮೆಂಟೇಶನ್ ಓದಿದೆ. ಕೋಡ್ ಇಡುವ ರೆಪೊಗಳಿಗೆ ಸಿಕ್ಕಿಸಿದ ವೆಬ್‌ಹುಕ್‌ಗಳನ್ನು, ಅಂದರೆ ಅಲ್ಲಿ ಏನಾದರೂ ಆದೊಡನೆ ಇನ್ನೊಂದು ಸರ್ವರಿಗೆ ತಾನಾಗಿ ಸುದ್ದಿ ಮುಟ್ಟಿಸುವ ಕೊಂಡಿಗಳನ್ನು, ಕೀಳುವ ಟೂಲಿನದು. ಹೆಸರು ‘ಡಿಲೀಟ್ ವೆಬ್‌ಹುಕ್’. ಏನು ಮಾಡುತ್ತದೆ? ‘ವೆಬ್‌ಹುಕ್ ಡಿಲೀಟ್ ಮಾಡುತ್ತದೆ.’ ಏನು ಕೊಡಬೇಕು? ‘ಹುಕ್ ಐಡಿ: ಹುಕ್‌ನ ಐಡಿ.’ ಏನು ಸಿಗುತ್ತದೆ? ‘ಏನೂ ಇಲ್ಲ.’ ಕಡೆಯ ಉತ್ತರವನ್ನು ಟೂಲಿನ ಬಗ್ಗೆ ಬರೆದರೋ, ಓದಲು ಬಂದವನ ಬಗ್ಗೆ ಬರೆದರೋ ತಿಳಿಯಲಿಲ್ಲ.

ಆಡಿಕೊಳ್ಳಬೇಡಿ. ಹೆಸರಿನಲ್ಲಿದ್ದ ಎರಡು ಪದಗಳನ್ನೇ ಹಿಂದುಮುಂದು ಮಾಡಿ ಒಂದು ಕೈಪಿಡಿ ಕಟ್ಟುವುದು ಸಾಮಾನ್ಯ ವಿದ್ಯೆಯಲ್ಲ. ಒಂದು ಪದ ದಂಡವಾಗಿಲ್ಲ, ಒಂದು ಸುಳ್ಳೂ ಇಲ್ಲ.

ಹುಕ್ ಅಂದರೆ ಕೊಕ್ಕೆ. ಕೊಕ್ಕೆ ಹಾಕುವುದು ಅಂದರೆ ನಮ್ಮ ಭಾಷೆಯಲ್ಲಿ ಆಗುವ ಕೆಲಸವನ್ನು ತಡೆಯುವುದು. ಇಲ್ಲಿ ಎಲ್ಲವೂ ಉಲ್ಟಾ. ಕೊಕ್ಕೆ ಇದ್ದರೇ ಕೆಲಸ, ಕಿತ್ತರೆ ಎಲ್ಲ ಸ್ತಬ್ಧ. ಯಾರೋ ರೆಪೊಗೆ ಹೊಸ ಕೋಡ್ ಪುಶ್ ಮಾಡಿದರು ಎಂದು ಬಿಲ್ಡ್ ಸರ್ವರಿನ ಕಿವಿಯಲ್ಲಿ ಊದುವುದು, ಚಾಟ್‌ನಲ್ಲಿ ಡಂಗುರ ಸಾರುವುದು, ಡಿಪ್ಲಾಯ್ (ಹೊಸ ಕೋಡನ್ನು ಬಳಕೆಗೆ ಇಳಿಸುವ ಕೆಲಸ) ಶುರು ಮಾಡಿಸುವುದು ಇದೇ. 2007ರಲ್ಲಿ ಜೆಫ್ ಲಿಂಡ್ಸೆ ಇದಕ್ಕೆ ವೆಬ್‌ಹುಕ್ ಎಂದು ಹೆಸರಿಟ್ಟಾಗ ಅವರಿಗೆ ಕನ್ನಡ ಬರುತ್ತಿದ್ದರೆ ಬೇರೆ ಪದ ಹುಡುಕುತ್ತಿದ್ದರೇನೋ.

ಇನ್ನು ಆ ಐಡಿ. ಅದೆಲ್ಲಿ ಸಿಗುತ್ತದೆ ಎಂದು ರೆಪೊಗಳನ್ನು ಇಟ್ಟುಕೊಳ್ಳುವ ಜಾಲತಾಣ ಗಿಟ್‌ಹಬ್‌ನ ಕೈಪಿಡಿಯಾದರೂ ಹೇಳುತ್ತದೆ: ಆ ವೆಬ್‌ಹುಕ್ ಕಳಿಸಿದ ಡೆಲಿವರಿಯ, ಅಂದರೆ ಸುದ್ದಿಯ ಲಕೋಟೆಯ, ಹೆಡರ್‌ನಲ್ಲಿ ನೋಡಿಕೊಳ್ಳಿ. ಒಳ್ಳೆಯದು. ಆದರೆ ಹುಕ್ ಕೀಳಲು ಹೊರಟವನ ಗೋಳು ಸಾಮಾನ್ಯವಾಗಿ ಏನು? ಡೆಲಿವರಿ ತೆಗೆದುಕೊಳ್ಳಬೇಕಾದ ಸರ್ವರ್ ಸತ್ತು ವರ್ಷವಾಗಿದೆ. ಸತ್ತವನ ಮನೆಗೆ ಹೋಗಿ ಅವನಿಗೆ ಬಂದ ಕಾಗದ ಒಡೆದು ನಂಬರ್ ಬರೆದುಕೊಂಡು ಬಾ ಎಂದಹಾಗಾಯಿತು. ಹುಕ್‌ಗಳ ಪಟ್ಟಿ ಕೇಳಿದರೂ ಐಡಿ ಸಿಗುತ್ತದೆ, ಸೆಟಿಂಗ್ಸ್‌ನಲ್ಲಿ ಹುಕ್ ತೆರೆದರೆ ವಿಳಾಸದ ಕೊನೆಯಲ್ಲೇ ಕೂತಿರುತ್ತದೆ. ಇದನ್ನು ಬರೆಯಲು ಒಂದು ಸಾಲು ಸಾಕು. ಆ ಒಂದು ಸಾಲಿಗೇ ಬರ.

ಟೋಕನ್ ಪುರಾಣ ಬೇರೆ ಇದೆ. ಟೋಕನ್ ಅಂದರೆ ಟೂಲು ಒಳಹೋಗಲು ತೋರಿಸುವ ಪಾಸು, ಸ್ಕೋಪ್ ಅಂದರೆ ಆ ಪಾಸಿಗೆ ಕೊಟ್ಟ ಅಧಿಕಾರದ ವ್ಯಾಪ್ತಿ. ಹಳೆಯ ಬಗೆಯ ಗಿಟ್‌ಹಬ್ ಟೋಕನ್‌ಗೆ ಹುಕ್ ‘ರೈಟ್’ ಸ್ಕೋಪ್ ಕೊಟ್ಟರೆ ಕೊಕ್ಕೆ ಹಾಕಬಹುದು, ಕೀಳುವಂತಿಲ್ಲ. ಹುಕ್ ಸ್ಕೋಪ್‌ಗಳಲ್ಲಿ ಕೀಳುವ ಅಧಿಕಾರ ಇರುವುದು ‘ಅಡ್ಮಿನ್’ಗೆ. ಟೂಲಿನ ಕೈಪಿಡಿಯಲ್ಲಿ ಟೋಕನ್ ಎಂಬ ಪದವೇ ಇಲ್ಲ, ಸ್ಕೋಪ್ ದೂರದ ಮಾತು.

ಕಿತ್ತರೆ ಏನಾಗುತ್ತದೆ? ಗಿಟ್‌ಹಬ್ ಒಂದು ಸಂಕೇತ ಸಂಖ್ಯೆಯಲ್ಲಿ ಉತ್ತರಿಸುತ್ತದೆ. ಸರಿಯಾಗಿ ಕಿತ್ತುಬಂದರೆ 204, ಅಂದರೆ ‘ಹೇಳುವುದೇನೂ ಇಲ್ಲ’. ಹುಕ್ ಸಿಗದಿದ್ದರೆ 404. ಇಲ್ಲಿದೆ ಸ್ವಾರಸ್ಯ. ಖಾಸಗಿ ರೆಪೊಗೆ ನಿಮ್ಮ ಟೋಕನ್‌ಗೆ ಪ್ರವೇಶವಿಲ್ಲದಿದ್ದರೆ ಗಿಟ್‌ಹಬ್ ‘ನಿನಗೆ ಅನುಮತಿಯಿಲ್ಲ’ ಅನ್ನುವುದಿಲ್ಲ, ‘ಅಂಥದ್ದು ಇಲ್ಲಿಲ್ಲ’ ಅನ್ನುತ್ತದೆ. ರೆಪೊ ಇದೆ ಎಂಬ ಗುಟ್ಟೂ ಹೊರಬೀಳಬಾರದೆಂದು. ಭದ್ರತೆಯ ದೃಷ್ಟಿಯಿಂದ ಜಾಣ ನಡೆ. ನಮ್ಮ ಟೂಲು ಇನ್ನೂ ಜಾಣ. 404 ಕಂಡೊಡನೆ ‘ಹುಕ್ ಈಗಾಗಲೇ ಹೋಗಿದೆ’ ಎಂದು ಹಸಿರು ಟಿಕ್ ಹಾಕಿ ಮುಂದಿನ ರೆಪೊಗೆ ನಡೆಯುತ್ತದೆ. ಡಿಲೀಟ್ ಎಷ್ಟು ಸಲ ಮಾಡಿದರೂ ಪರಿಣಾಮ ಒಂದೇ ಎಂಬ ಸಿದ್ಧಾಂತವಿದೆಯಲ್ಲ, ಅದನ್ನು ಇವರು ಒಂದು ಸಲವೂ ಮಾಡಬೇಕಿಲ್ಲ ಎಂದು ಓದಿಕೊಂಡಿದ್ದಾರೆ.

ಬಾಗಿಲಿನಿಂದಲೇ ‘ಇಲ್ಲ’ ಅನ್ನಿಸಿಕೊಂಡು ಬಂದವನು ಒಳಗೆ ಯಾರೂ ಇಲ್ಲ ಎಂದು ವರದಿ ಕೊಟ್ಟ. ಹುಕ್ ಅಲ್ಲೇ ಇದೆ. ಕೆಲಸ ಬಿಟ್ಟು ಹೋದವರ ಯಾವುದೋ ಸರ್ವರಿಗೆ ಪ್ರತಿ ಪುಶ್‌ನ ಸುದ್ದಿ ಹೋಗುತ್ತಲೇ ಇದೆ. ಕಮಿಟ್ ಸಂದೇಶ, ಬ್ರಾಂಚಿನ ಹೆಸರು, ಬರೆದವರ ಇಮೇಲ್, ಎಲ್ಲ. ವರದಿ ಮಾತ್ರ ಪೂರ್ತಿ ಹಸಿರು.

ಈಗ ಇಂಥ ವಿವರಣೆಯನ್ನು ಮನುಷ್ಯರಷ್ಟೇ ಓದುವುದಿಲ್ಲ, ಎಐ ಏಜೆಂಟ್‌ಗಳೂ ಓದಿ ಟೂಲ್ ಚಲಾಯಿಸುತ್ತವೆ. ಅವನ್ನು ಟೂಲ್‌ಗಳಿಗೆ ಜೋಡಿಸುವ ನಿಯಮಾವಳಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿ ‘ಈ ಟೂಲ್ ಹಾಳು ಮಾಡಬಲ್ಲದು’ ಎಂದು ಚೀಟಿ ಅಂಟಿಸಬಹುದು. ಟೂಲ್ ಒದಗಿಸುವ ಸರ್ವರ್ ನಂಬಿಗಸ್ತನಲ್ಲದಿದ್ದರೆ ಆ ಚೀಟಿಯನ್ನು ನಂಬಬೇಡಿ ಎಂದೂ ಅದೇ ನಿಯಮ ಹೇಳುತ್ತದೆ. ಚೀಟಿ ಅಂಟಿಸಿದವನಿಗೂ ನಮಸ್ಕಾರ, ನಂಬಬೇಡ ಅಂದವನಿಗೂ ನಮಸ್ಕಾರ.

ನಿಜ ಹೇಳಲೇ? ಸುಸ್ತಾಗಿದೆ. ಗಿಟ್‌ಹಬ್‌ನಲ್ಲಿ ಇಡೀ ರೆಪೊ ಅಳಿಸಿದರೂ ಬಹುಪಾಲು 90 ದಿನದೊಳಗೆ ವಾಪಸ್ ತರಬಹುದು. ಅಳಿಸಿದ ಹುಕ್‌ಗೆ ಆ ಭಾಗ್ಯವಿಲ್ಲ. ಅದರ ಸೀಕ್ರೆಟ್ (ಬಂದ ಸುದ್ದಿ ಅಸಲಿಯೇ ಎಂದು ಪರೀಕ್ಷಿಸುವ ಗುಪ್ತಪದ) ಕೇಳಿದರೆ ಮೊದಲೂ ನಕ್ಷತ್ರ ಚಿಹ್ನೆಗಳೇ ಕಾಣುತ್ತಿದ್ದವು, ಈಗ ಅವೂ ಇಲ್ಲ. ರಾತ್ರಿ ಎರಡಕ್ಕೆ ಡಿಪ್ಲಾಯ್ ಯಾಕೆ ಓಡುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುವವನು ಆ ಕೈಪಿಡಿ ಬರೆದವನಲ್ಲ. ‘ವಾಪಸ್ ಬರುವುದಿಲ್ಲ. ಅನುಮಾನವಿದ್ದರೆ ಮೊದಲು ಆಕ್ಟಿವ್ ಟಿಕ್ ತೆಗೆದು ಒಂದು ವಾರ ನೋಡಿ’ ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು?

ಆ ಎರಡು ವಾಕ್ಯವನ್ನು ನಾನೇ ಬರೆದು, ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಕಳಿಸಿದೆ. ಮಾರನೆಯ ದಿನವೇ ಅದಕ್ಕೆ ಕೊಕ್ಕೆ ಬಿತ್ತು, ಅಪ್ಪಟ ಕನ್ನಡದ ಕೊಕ್ಕೆ: ‘ವಿವರಣೆ ಒಂದೇ ಸಾಲಿನಲ್ಲಿರಬೇಕು.’